ಎರಡು ಬಾರಿ ಕರಗಿದ ವಸ್ತು

ಒಂದೇ ವಸ್ತು ಎರಡು ಬಾರಿ ಕರಗುವುದುಂಟೆ? 1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್ ಕಂಡದ್ದು ಅದನ್ನೇ. ಕೊಲೆಸ್ಟರಾಲ್‌ನ ಸಂಯುಕ್ತವೊಂದು ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಕದಡಿದ ದ್ರವವಾಯಿತು. 179ರ ಸುಮಾರಿಗೆ ತಿಳಿಯಾಯಿತು. ನಡುವಿನ ಸ್ಥಿತಿಯೇ ದ್ರವಸ್ಫಟಿಕ. ಅದು ಹರಿಯುತ್ತದೆ, ಆದರೂ ಅಣುಗಳು ಒಂದೇ ದಿಕ್ಕಿಗೆ ಸಾಲುಗೊಂಡಿರುತ್ತವೆ. ಧ್ರುವೀಕಾರಕ ಹಾಳೆಗಳ ನಡುವೆ ಇಟ್ಟು ವಿದ್ಯುತ್ ಸೋಕಿಸಿದರೆ ಅಣುಗಳು ಹೊರಳಿ ಬೆಳಕನ್ನು ತಡೆಯುತ್ತವೆ. ಡಿಜಿಟಲ್ ಗಡಿಯಾರದಲ್ಲಿ ಕಪ್ಪು ಅಂಕಿ ಮೂಡುವುದು ಹೀಗೆ.

ಇಂಥ ಅಣು ಕಡ್ಡಿಯಂತೆ ಉದ್ದವಾಗಿರಲೇಬೇಕೆಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆ ಮುರಿದದ್ದು ಬೆಂಗಳೂರಿನಲ್ಲಿ. ತಟ್ಟೆಯಾಕಾರದ ಅಣುಗಳೂ ನಾಣ್ಯಗಳಂತೆ ಒಂದರ ಮೇಲೊಂದು ಪೇರಿಕೊಂಡು ದ್ರವಸ್ಫಟಿಕವಾಗುತ್ತವೆಂದು 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ‘ಪ್ರಮಾಣ’ ಪತ್ರಿಕೆಯಲ್ಲಿ ತೋರಿಸಿದರು. ಓರೆಯಾಗಿ ನೋಡಿದರೆ ಮಸುಕಾಗುತ್ತಿದ್ದ ಪರದೆಗೆ ಮುಂದೆ ತಟ್ಟೆಯಣುಗಳ ಪೊರೆಯೇ ಮದ್ದಾಯಿತು.