ಕಾಗೋಡಿನ ಕೊಳಗ, ಏಳನೇ ನಂಬರ್ ಫಾರಂ

ಕರ್ನಾಟಕದ ಭೂಸುಧಾರಣೆಯ ಕತೆ ಹೇಳುವವರು ಸಾಮಾನ್ಯವಾಗಿ 1974ರಿಂದ, ದೇವರಾಜ ಅರಸರ ಹೆಸರಿನಿಂದ ಶುರು ಮಾಡುತ್ತಾರೆ. ಸಾಗರ ತಾಲ್ಲೂಕಿನವನಾದ ನನಗೆ ಇದು ಒಪ್ಪಿಗೆಯಿಲ್ಲ. ಅರಸರು ದೊಡ್ಡ ಕೆಲಸ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸುಧಾರಣೆಗೆ ನಾಂದಿ ಹಾಡಿದ್ದು ನಮ್ಮ ತಾಲ್ಲೂಕಿನ ಕಾಗೋಡಿನ ಕಣದಲ್ಲಿ, ಭತ್ತ ಅಳೆಯುವ ಕೊಳಗದ ಬಗ್ಗೆ ಎದ್ದ ತಕರಾರು.

ಗೇಣಿ ಅಳೆದುಕೊಳ್ಳಲು ಒಡೆಯರ ಮನೆಯಿಂದ ಬರುತ್ತಿದ್ದ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು. ಮಳೆಗಾಲದಲ್ಲಿ ಉಣ್ಣಲು ಭತ್ತವಿಲ್ಲದೆ ಸಾಲಕ್ಕೆ ಹೋದರೆ ಅದೇ ಮನೆಯಲ್ಲಿ ಬೇರೆಯೇ ಕೊಳಗ ಹೊರಬರುತ್ತಿತ್ತು ಎಂದು ನಮ್ಮ ಕಡೆಯ ಹಳಬರು ಹೇಳುತ್ತಿದ್ದರು. ತುಂಬಿದ ಕೊಳಗದ ಮೇಲೆ ಭತ್ತ ಗೋಪುರವಾಗಿ ನಿಲ್ಲಬೇಕು. ಲಾಭ, ಎರಡು, ಮೂರು ಎಂದು ಎಣಿಸುತ್ತ ಅಳೆಯುವವನ ಎದುರು ಗೇಣಿದಾರ ಕೈಕಟ್ಟಿ ನಿಂತಿರಬೇಕು. ಕೊಳಗಕ್ಕೆ ಬರೀ ಅರ್ಧ ಸೇರು ಹೆಚ್ಚು ಹೋಗುತ್ತಿತ್ತೆಂದೇ ಇಟ್ಟುಕೊಳ್ಳಿ. 20 ಕೊಳಗದ ಖಂಡುಗಕ್ಕೆ 10 ಸೇರು. ಹತ್ತು ಖಂಡುಗ ಗೇಣಿಗೆ 100 ಸೇರು. ಆಷಾಢದಲ್ಲಿ ಒಲೆ ಹೊತ್ತುವುದೋ ಇಲ್ಲವೋ ಎನ್ನುವುದು ಈ ಲೆಕ್ಕದ ಮೇಲಿತ್ತು.

ದೀವರ ಸಮುದಾಯದ ಗೇಣಿದಾರರು ಕೇಳಿದ್ದು ಹೆಚ್ಚೇನಲ್ಲ. ಅಳತೆ ಸರಿಯಿರಲಿ, ಕೊಟ್ಟ ಗೇಣಿಗೆ ರಶೀದಿ ಕೊಡಿ, ಬಿಟ್ಟಿ ಚಾಕರಿ ನಿಲ್ಲಲಿ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಬೆನ್ನಿಗಿತ್ತು. ಒಡೆಯರು ಉಳುಮೆಯನ್ನೇ ಬಿಡಿಸಿದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ಬಿಡಿಸಿದ ಗದ್ದೆಗೇ ನೇಗಿಲು ಹೊತ್ತು ಒಂದು ತಂಡ ಹೋಗುತ್ತಿತ್ತು, ಪೊಲೀಸರು ಹಿಡಿದೊಯ್ಯುತ್ತಿದ್ದರು, ಹಿಂದೆಯೇ ಇನ್ನೊಂದು ತಂಡ ಸಿದ್ಧವಾಗುತ್ತಿತ್ತು. ಸೋಷಲಿಸ್ಟ್ ಪಕ್ಷದ ಹುಡುಗರು ಬಂದು ಸೇರಿಕೊಂಡರು. ಜೂನ್‌ನಲ್ಲಿ ಸ್ವತಃ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದಿನ ತಿಂಗಳು, ಜುಲೈ 13ಕ್ಕೆ, ಬೆಂಗಳೂರಿನಲ್ಲಿ ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದರು. ಕಾಯ್ದೆ ಮಾಡುವ ಕಟ್ಟಡಕ್ಕಿಂತ ಕಾಯ್ದೆಯ ಬೇಡಿಕೆಗೆ ವಯಸ್ಸು ಹೆಚ್ಚು ಎಂದು ನಾನು ತಮಾಷೆಗೆ ಹೇಳುವುದುಂಟು.

ಇದನ್ನು ಸೋತ ಚಳವಳಿ ಎನ್ನುವವರಿದ್ದಾರೆ. ಆ ವರ್ಷದ ಮಟ್ಟಿಗೆ ನಿಜ. ಜೈಲಿನಿಂದ ಬಂದವರಿಗೆ ಗದ್ದೆಯೇನೂ ಕಾದಿರಲಿಲ್ಲ. ಆದರೆ 1952ರ ಚುನಾವಣೆ ಬಂತಲ್ಲ. ಆರಗದ ಶಾಂತವೇರಿ ಗೋಪಾಲಗೌಡರಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಸಾಗರ–ಹೊಸನಗರದಿಂದ ಸೋಷಲಿಸ್ಟ್ ಅಭ್ಯರ್ಥಿಯಾಗಿ ನಿಂತರು. ಎದುರಿಗಿದ್ದವರು ಕಾಂಗ್ರೆಸ್ಸಿನ ಬದರಿನಾರಾಯಣ್. ಗೌಡರ ಕೈಯಲ್ಲಿ ಕಾಸಿಲ್ಲ. ‘ಒಂದು ಓಟು, ಒಂದು ನೋಟು’ ಎಂದು ಊರೂರು ತಿರುಗಿದರು, ಗೆದ್ದರು. ಆ ಘೋಷಣೆಯ ಜಾಣತನ ನನಗೆ ಬಹಳ ಇಷ್ಟ. ಓಟು ಹಾಕುವವನೇ ಚುನಾವಣೆಯ ಖರ್ಚಿಗೂ ಕೊಟ್ಟರೆ ಗೆದ್ದವನು ಬೇರೆ ಯಾರ ಹಂಗಿಗೂ ಬೀಳಬೇಕಿಲ್ಲ. ಈಗಲೂ ಓಟಿನ ಜೊತೆ ನೋಟು ಇದೆ, ಬರುವ ದಿಕ್ಕು ಮಾತ್ರ ಬದಲಾಗಿದೆ.

ಗೌಡರು 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಉಳುವವನೇ ಹೊಲದೊಡೆಯ ಎಂಬ ಮಾತನ್ನು ಸದನದಲ್ಲಿ ಆರಲು ಬಿಡಲಿಲ್ಲ. ಈ ನಡುವೆ 1961ರಲ್ಲಿ ಒಂದು ಭೂಸುಧಾರಣಾ ಕಾಯ್ದೆ ಆಯಿತು, 1965ರಲ್ಲಿ ಜಾರಿಗೂ ಬಂತು. ಸ್ವಂತ ಸಾಗುವಳಿಗೆ ಬೇಕು ಎಂದು ಒಡೆಯ ಜಮೀನು ಬಿಡಿಸಿಕೊಳ್ಳಲು ಅದರಲ್ಲಿ ದಾರಿಯಿತ್ತು. ಇಂಥ ದಾರಿಗಳನ್ನೆಲ್ಲ ಮುಚ್ಚಿದ್ದು 1974ರ ತಿದ್ದುಪಡಿ. ಅದನ್ನು ನೋಡಲು ಗೌಡರಿರಲಿಲ್ಲ. 1972ರ ಜೂನ್‌ನಲ್ಲಿ ತೀರಿಕೊಂಡಿದ್ದರು.

1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ಉಳುತ್ತಿದ್ದವನು ಏಳನೇ ನಂಬರ್ ಫಾರಂ ಹಾಕಿ ಹಕ್ಕು ಕೇಳಬೇಕು. ವಿಚಾರಣೆ ನಡೆಸುವವರು ಭೂ ನ್ಯಾಯಮಂಡಳಿಯವರು: ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ವಕೀಲರು ಒಳಗೆ ಬರುವಂತಿಲ್ಲ. (ಈ ನಿರ್ಬಂಧ 1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು.) ವಕೀಲರಿಲ್ಲ ಎಂದ ಮೇಲೆ ನಾಲ್ಕಕ್ಷರ ಬಲ್ಲವರಿಗೆಲ್ಲ ಕೆಲಸ ಬಂತು. ಆಗ ಕಾಲೇಜಿಗೆ ಹೋಗುತ್ತಿದ್ದ ನಾನು ನಮ್ಮ ಮನೆ ಜಗುಲಿಯಲ್ಲಿ ಕೂತು ಫಾರಂ ತುಂಬಿಕೊಡುತ್ತಿದ್ದೆ. ಸರ್ವೆ ನಂಬರ್ ಕೇಳಿದರೆ ಯಾರಿಗೂ ಗೊತ್ತಿಲ್ಲ. ಹಲಸಿನಮರದ ಗದ್ದೆ, ಕೆರೆ ಮೇಲಿನ ಮಕ್ಕಿ ಎನ್ನುತ್ತಿದ್ದರು. ಪಹಣಿ ತೆಗೆಸಿ ಹೊಂದಿಸಬೇಕಿತ್ತು. ಕೆಲವರ ಪಹಣಿಯಲ್ಲಿ ಒಡೆಯರ ಹೆಸರಿನ ಮುಂದೆ ‘ಸ್ವಂತ’ ಎಂದೇ ಬರೆದಿರುತ್ತಿತ್ತು.

ಒಂದು ಸಂಜೆ ಬಂದ ಮುದುಕರೊಬ್ಬರು ಎಲೆಯಡಿಕೆ ಸಂಚಿಯಿಂದ ನಾಲ್ಕು ಮಡಿಕೆಯ ಪಹಣಿ ತೆಗೆದು ಕೊಟ್ಟರು. ‘ಗೇಣಿ ರಶೀದಿ ಇದ್ಯಾ ಮಾವ?’ ಎಂದೆ.

‘ರಶೀದಿ ಕೇಳಿದ್ದಕ್ಕೇ ಅಲ್ವೇನ ಮಾರಾಯ, ನಮ್ಮನ್ನ ಜೈಲಿಗೆ ಹಾಕಿದ್ದು?’

ಅವರ ಪರವಾಗಿ ಅಕ್ಕಪಕ್ಕದ ಗದ್ದೆಯವರ ಬಾಯಿಮಾತೇ ಸಾಕ್ಷಿಯಾಯಿತು. ಹಕ್ಕು ಸಿಕ್ಕಿತು.

ಎಲ್ಲರಿಗೂ ನ್ಯಾಯ ಸಿಕ್ಕಿತೆಂದು ನಾನು ಹೇಳಲಾರೆ. ಹಕ್ಕುಪತ್ರ ಬಂದದ್ದು ಹೆಚ್ಚಾಗಿ ಗಂಡಸರ ಹೆಸರಿಗೆ. ಸಸಿ ನೆಟ್ಟ ಹೆಂಗಸಿನ ಹೆಸರು ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಗೇಣಿಯೂ ಇಲ್ಲದೆ ಬರೀ ಕೂಲಿಗೆ ಹೋಗುತ್ತಿದ್ದವರಿಗೆ ತುಂಬಲು ಫಾರಂ ಇರಲಿಲ್ಲ. ಇತ್ತ ವಿಧವೆಯೊಬ್ಬಳು ಗತಿಯಿಲ್ಲದೆ ಗೇಣಿಗೆ ಕೊಟ್ಟ ಎರಡೆಕರೆಯೂ ದೊಡ್ಡ ಒಡೆಯರ ಜಮೀನಿನ ಸಾಲಿಗೇ ಸೇರಿಹೋಯಿತು. ಕಾಯ್ದೆ ವಿನಾಯಿತಿ ಕೊಟ್ಟದ್ದು ಸೈನಿಕರಿಗೆ ಮತ್ತು ನಾವಿಕರಿಗೆ ಮಾತ್ರ. ಹೀಗೆ ಜಮೀನು ಕಳೆದುಕೊಂಡ ಸಣ್ಣವರ ಮನೆಗಳಲ್ಲಿ ಅರಸರ ಹೆಸರೆತ್ತಿದರೆ ಇಂದಿಗೂ ಮುಖ ಬಿಗಿಯುತ್ತದೆ. ಅವರ ಸಿಟ್ಟನ್ನು ಜಾತಿಯ ಸಿಟ್ಟೆಂದಷ್ಟೇ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಅದೇ ಕಾಗೋಡಿನ ಹುಡುಗ ತಿಮ್ಮಪ್ಪ 1972ರಲ್ಲಿ ಸಾಗರದಿಂದ ಸೋಷಲಿಸ್ಟರ ಪರವಾಗಿ ಗೆದ್ದು ಸದನಕ್ಕೆ ಹೋದರು. ಆಮೇಲೆ ಕಾಂಗ್ರೆಸ್ ಸೇರಿದರು, ಸ್ಪೀಕರ್ ಆದರು. 2016ರಲ್ಲಿ ಕಂದಾಯ ಮಂತ್ರಿಯಾದಾಗ ಹಿಡಿದ ಹಟ, ‘ವಾಸಿಸುವವನೇ ಮನೆಯೊಡೆಯ’. ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯವರಿಗೆ ಮನೆಯಡಿಯ ಜಾಗವನ್ನು ಕೊಡಿಸುವ ತಿದ್ದುಪಡಿ ಅದು. ಏಳನೇ ನಂಬರ್ ಫಾರಂ ಬಿಟ್ಟುಬಿಟ್ಟವರಿಗೆ ನಾಲ್ಕು ದಶಕ ತಡವಾಗಿ ಸಿಕ್ಕ ಪಾಲು. 2020ರಲ್ಲಿ ಗಾಳಿ ಇನ್ನೊಂದು ಕಡೆ ಬೀಸಿತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ, ಬೇಸಾಯ ಗೊತ್ತಿಲ್ಲದವರೂ ಹಣವಿದ್ದರೆ ಕೃಷಿ ಜಮೀನು ಕೊಳ್ಳಬಹುದೆಂದಾಯಿತು.

ಸರ್ಕಾರಿ ಜಮೀನನ್ನು ಹಕ್ಕುಪತ್ರವಿಲ್ಲದೆ ಉಳುತ್ತಿರುವ ಬಗರ್‌ಹುಕುಂ ಸಾಗುವಳಿದಾರರು ಈಗಲೂ ನನ್ನಲ್ಲಿಗೆ ಬರುತ್ತಾರೆ. ಈಗಿನದು 57ನೇ ನಂಬರ್ ಫಾರಂ. ಸಾಗುವಳಿಗೆ ಪುರಾವೆ ಏನಿದೆ ಎಂದು ನಾನು ಕೇಳಬೇಕಾಗುತ್ತದೆ.