ಬಿಚ್ಚಿ ಜೋಡಿಸಿದ ಮನೆಗಳು

ಮೇ ತಿಂಗಳು ಮುಗಿಯುತ್ತ ಬಂದಂತೆ ಉಡುಪಿ ಸೀಮೆಯ ಹಳೆಯ ಮನೆಗಳಲ್ಲಿ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ: ಈ ಮಳೆಗಾಲಕ್ಕೆ ಮಾಡು ತಡೆದೀತೇ? ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನೆಲ ಇದು. ಹಂಚು ಬದಲಿಸಿ ಇನ್ನೊಂದಷ್ಟು ವರ್ಷ ದೂಡುವುದೋ, ಕೆಡವಿ ತಾರಸಿ ಮನೆ ಕಟ್ಟುವುದೋ ಎಂಬ ಚರ್ಚೆಗೆ ಕರಾವಳಿಯಲ್ಲಿ ಉದ್ದದ ಇತಿಹಾಸವಿದೆ.

ಹಂಚೇ ಒಂದು ಕಾಲದಲ್ಲಿ ಹೊಸತಾಗಿತ್ತು. ಅದಕ್ಕೂ ಮೊದಲು ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು ಇಲ್ಲವೇ ತೆಂಗಿನ ಮಡಲಿನ ಹೊದಿಕೆ. ಮತ್ತೆ ಮತ್ತೆ ಹೊದಿಸಬೇಕು, ಬೇಸಿಗೆ ಬಂದರೆ ಬೆಂಕಿಯ ಭಯ ಬೇರೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ತೀರದ ಜೇಡಿಮಣ್ಣಿನಿಂದ ಒತ್ತಿ ಸುಟ್ಟ, ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಕೆಂಪು ಹಂಚು ಊರೂರಿಗೂ ಹಬ್ಬಿತು. ಗೋಡೆ, ಕಂಬ, ತೊಲೆಗಳನ್ನು ಉಳಿಸಿಕೊಂಡೇ ಮೇಲೆ ರೀಪು ಹೊಡೆದು ಹಂಚು ಹೊದಿಸಿದರೆ ಹಳೆಯ ಮನೆಗೆ ಹೊಸ ಆಯುಷ್ಯ. ಒಂದು ಹಂಚು ಒಡೆದರೆ ಆ ಒಂದನ್ನೇ ಸರಿಸಿ ಬೇರೆಯದನ್ನು ಕೂರಿಸಬಹುದು. ಮನೆಯನ್ನು ಕೆಡವದೆ ನವೀಕರಿಸುವುದನ್ನು ಇಷ್ಟು ಸಲೀಸಾಗಿಸಿದ ವಸ್ತು ಕರಾವಳಿಗೆ ಮತ್ತೊಂದು ಬಂದಿಲ್ಲ.

ಹಾಗಿದ್ದೂ ದೊಡ್ಡ ಮನೆಗಳು ಒಂದೊಂದಾಗಿ ನೆಲಕಚ್ಚಿದ್ದೇಕೆ? ಮಳೆಯೊಂದನ್ನೇ ದೂರಿದರೆ ಅರ್ಧ ಉತ್ತರ ಸಿಕ್ಕಂತೆ. ತಾಯಿಯ ಕಡೆಯಿಂದ ವಂಶ ಸಾಗುವ ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಆಸ್ತಿ ಇಡೀ ಕುಟುಂಬದ್ದಾಗಿತ್ತು, ಯಜಮಾನನದ್ದು ಉಸ್ತುವಾರಿ ಮಾತ್ರ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು. ಗದ್ದೆಯನ್ನು ಅಳೆದು ಹಂಚಬಹುದು. ನಡುವೆ ಅಂಗಳ, ಸುತ್ತ ನಾಲ್ಕು ಪಡಸಾಲೆ ಇರುವ ಚೌಕಿ ಮನೆಯನ್ನು ಹಂಚುವುದು ಹೇಗೆ? ಆಮೇಲೆ 1974ರ ಭೂಸುಧಾರಣೆ ಬಂತು. ಗೇಣಿ ಅಕ್ಕಿ ಬರುವುದು ನಿಂತಿತು. ಅದು ಒಕ್ಕಲುಗಳಿಗೆ ಸಿಗಲೇಬೇಕಾಗಿದ್ದ ನ್ಯಾಯ; ಆ ಮನೆಗಳ ಕಂಬಗಳನ್ನು ಹೊತ್ತು ತಂದವರೂ ಅವರೇ ತಾನೆ? ಆದರೆ ಗೇಣಿಯ ಬಲದ ಮೇಲೆ ನಿಂತಿದ್ದ ಮನೆಗಳಿಗೆ ಆ ಬಳಿಕ ರಿಪೇರಿಯ ಖರ್ಚು ಹುಟ್ಟುವ ದಾರಿಯೇ ಮುಚ್ಚಿತು. ಮಕ್ಕಳು ಮುಂಬಯಿಗೋ ಗಲ್ಫಿಗೋ ಹೋಗಿದ್ದರು. ಮನೆಯಲ್ಲಿ ಉಳಿದದ್ದು ಇಬ್ಬರು ವಯಸ್ಸಾದವರು, ಹತ್ತಾರು ಕೋಣೆ.

ಮನೆ ಸಾಯುವುದು ಬಹಳ ಸಣ್ಣ ಜಾಗದಿಂದ. ಚೌಕಿ ಮನೆಯ ಅಂಗಳದ ನಾಲ್ಕು ಒಳಮೂಲೆಗಳಲ್ಲಿ ಎರಡೆರಡು ಮಾಡುಗಳು ಕೂಡುತ್ತವೆ. ಎರಡೂ ಕಡೆಯ ನೀರು ಅಲ್ಲೇ ಇಳಿಯಬೇಕು. ಮಂಗ ಹಾರಿಯೋ ತೆಂಗಿನಕಾಯಿ ಬಿದ್ದೋ ಅಲ್ಲೊಂದು ಹಂಚು ಬಿರುಕು ಬಿಡುತ್ತದೆ. ಮೊದಲ ವರ್ಷ ಮುಚ್ಚಿಗೆಯ ಹಲಗೆಯ ಮೇಲೆ ಅಂಗೈಯಗಲದ ಕಪ್ಪು ಕಲೆ. ಮರುವರ್ಷ ತೊಲೆಯ ತುದಿ ಮೆತ್ತಗಾಗುತ್ತದೆ, ಗೆದ್ದಲು ದಾರಿ ಕಂಡುಕೊಳ್ಳುತ್ತದೆ. ಅನುಭವಸ್ಥ ಆಚಾರಿ ಅಂಥ ಮನೆಗೆ ಬಂದರೆ ಗೋಡೆ ನೋಡುವುದಕ್ಕೂ ಮೊದಲು ತೊಲೆ ಗೋಡೆಗೆ ಕೂರುವ ಜಾಗವನ್ನು ಬಡಿದು ನೋಡುತ್ತಾನೆ. ಸದ್ದು ಟೊಳ್ಳಾಗಿದ್ದರೆ ಲೆಕ್ಕವೇ ಬೇರೆ. ಗಟ್ಟಿಯಾಗಿದ್ದರೆ, ಬಣ್ಣ ಮಾಸಿದ ಗೋಡೆಯನ್ನು ನೋಡಿ ಮನೆ ಕೆಡವಲು ಹೊರಡುವುದು ದುಡುಕು.

ದುಡುಕಿದವರೇ ಬಹಳ. ಕೆಡವಿದ ಮನೆಯ ಮರಕ್ಕೆ ಗಿರಾಕಿ ಇತ್ತು, ಕೆತ್ತನೆಯ ಬಾಗಿಲಿಗೆ ಪ್ರತ್ಯೇಕ ದರ. ಮಣಿಪಾಲದಲ್ಲಿ ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಇದನ್ನು ಕಂಡು ತಡೆಯಲಾರದೆ ಹೋದರು. ಮಾರಾಟಕ್ಕೆ ಬಿದ್ದ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಕೊಂಡು ತಂದು ತಮ್ಮದೇ ಮನೆ ಕಟ್ಟಿಕೊಂಡರು, ಅದಕ್ಕೆ ‘ಹಸ್ತಶಿಲ್ಪ’ ಎಂದು ಹೆಸರಿಟ್ಟರು. ನೋಡಲು ಬರುವವರು ಹೆಚ್ಚಿ, ಕೊನೆಗೆ ಆ ಮನೆಯನ್ನೇ ಬಿಟ್ಟುಕೊಟ್ಟರು. ಮುಂದೆ ಅವರು ಕೈಹಾಕಿದ್ದು ಇಡಿಯ ಮನೆಗಳಿಗೆ. ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್ ಹೀಗೆ ಬೇರೆ ಬೇರೆ ಸೀಮೆಯ ಕಟ್ಟಡಗಳು ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ಎದ್ದು ನಿಂತಿವೆ.

ಇದು ಸಾಧ್ಯವಾದದ್ದು ಹಳೆಯ ಆಚಾರಿಗಳ ಕಸುಬಿನಿಂದ. ಕಂಬದ ನೆತ್ತಿಯ ಗೂಟ ತೊಲೆಯ ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ಭಾರ ಹೊರುವ ಮುಖ್ಯ ಕೂಡುಗಳಿಗೆ ಮೊಳೆ ಬೇಡ. ಹಾಗೆ ಜೋಡಿಸಿದ್ದನ್ನು ಹಾಗೆಯೇ ಬಿಚ್ಚಬಹುದು, ಯಾವುದು ಎಲ್ಲಿಯದೆಂದು ಗುರುತು ಮಾಡಿಕೊಂಡರೆ ಇನ್ನೊಂದು ಊರಿನಲ್ಲಿ ಅದೇ ಕ್ರಮದಲ್ಲಿ ಕೂಡಿಸಬಹುದು. ಕಾಂಕ್ರೀಟಿನ ಮನೆಗೆ ಈ ಭಾಗ್ಯವಿಲ್ಲ. ಒಡೆದರೆ ಅದು ಜಲ್ಲಿ, ಕಬ್ಬಿಣ ಅಷ್ಟೆ.

ಶೆಣೈ 2017ರಲ್ಲಿ ತೀರಿಕೊಂಡರು. ಅವರ ಕೆಲಸ ದೊಡ್ಡದು. ಆದರೂ ಮನೆಯನ್ನು ಸ್ಥಳಾಂತರಿಸುವುದು ಕೊನೆಯ ದಾರಿಯೇ ಹೊರತು ಮೊದಲನೆಯದಲ್ಲ. ಬಿಚ್ಚಿ ತಂದ ಮನೆಯ ಜೊತೆ ಅದರ ಬಾವಿ, ಹಟ್ಟಿ, ದೈವದ ಗುಡಿ, ಎದುರಿನ ಗದ್ದೆ ಬರುವುದಿಲ್ಲ. ಒಲೆಯ ಹೊಗೆಯೂ ಬರುವುದಿಲ್ಲ. ಹಿಂದೆ ದಿನವೂ ಅಟ್ಟಕ್ಕೆ ಏರುತ್ತಿದ್ದ ಆ ಹೊಗೆ ಪಕಾಸುಗಳಿಗೆ ಮಸಿಯ ಲೇಪ ಕೊಟ್ಟು ಹುಳ ಹಿಡಿಯದಂತೆ ಕಾಯುತ್ತಿತ್ತು. ಗ್ಯಾಸ್ ಒಲೆ ಬಂದ ಮನೆಗಳಲ್ಲಿ, ಬೀಗ ಬಿದ್ದ ಮನೆಗಳಲ್ಲಿ ಆ ಕಾವಲು ತಪ್ಪಿದೆ.

ಕರಾವಳಿಯಲ್ಲಿ ಇಂದಿಗೂ ಜನ ವಾಸವಿರುವ ಹಳೆಯ ಮನೆಗಳಲ್ಲಿ ಮಳೆಗೆ ಮುಂಚೆ ಹಂಚು ಕೈಯಾಡಿಸುತ್ತಾರೆ. ಒಬ್ಬ ಏಣಿ ಹತ್ತಿ ಮಾಡಿನ ಮೇಲೆ ಬರಿಗಾಲಲ್ಲಿ ಕೂತು ಸಾಲಿನಿಂದ ಸಾಲಿಗೆ ಜರುಗುತ್ತಾನೆ. ತರಗೆಲೆ ಗುಡಿಸಿ, ಒಡೆದದ್ದನ್ನು ಕೆಳಗೆ ಕೊಟ್ಟು, ಹೊಸದನ್ನು ಮೇಲಕ್ಕೆ ಪಡೆಯುತ್ತಾನೆ. ಒಳಗೆ ನಿಂತವರು ತಲೆಯೆತ್ತಿ ಬೆಳಕು ಸೋರುವ ತೂತು ಹುಡುಕಿ, ಅವನಿಗೆ ಕೇಳುವಂತೆ ಕೂಗುತ್ತಾರೆ: ಇನ್ನೂ ಸ್ವಲ್ಪ ಆಚೆ, ಆ ಮೂಲೆಯಲ್ಲಿ.