ಸ್ತನ ಕ್ಯಾನ್ಸರಿನ ಪ್ರೋಟೀನ್ ಗುರುತುಗಳು: ಮುನ್ಸೂಚನೆ ಮತ್ತು ಪರೀಕ್ಷೆಯ ವಿಶ್ವಾಸಾರ್ಹತೆ

1987ರಲ್ಲಿ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು 189 ಸ್ತನ ಗೆಡ್ಡೆಗಳನ್ನು ಪರೀಕ್ಷಿಸಿದಾಗ, ಸುಮಾರು ಶೇ. 30ರಲ್ಲಿ ಹರ್-2 ಜೀನಿನ ಪ್ರತಿಗಳು ಮಿತಿಮೀರಿ ಹೆಚ್ಚಿದ್ದವು. ಕಂಕುಳಿನ ದುಗ್ಧಗ್ರಂಥಿಗಳಿಗೆ ರೋಗ ಹಬ್ಬಿದ್ದವರ ಪೈಕಿ ಇಂಥವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತಿತ್ತು, ಆಯುಸ್ಸು ಕುಗ್ಗುತ್ತಿತ್ತು. ಹರ್-2 ಕೆಟ್ಟ ಮುನ್ಸೂಚನೆಯ ಗುರುತೆಂದು ನೆಲೆಯೂರಿತು. ಆ ಜೀನು ತಯಾರಿಸುವ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯ ಟ್ರಾಸ್ಟುಜುಮ್ಯಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಶಸ್ತ್ರಚಿಕಿತ್ಸೆಯ ಬಳಿಕ ಕೀಮೋಥೆರಪಿಯ ಜೊತೆಗೋ ನಂತರವೋ ಅದನ್ನು ಕೊಟ್ಟು ನೋಡಿದ ಪ್ರಯೋಗಗಳು 2005ರಲ್ಲಿ ಪ್ರಕಟವಾದಾಗ, ಮರುಕಳಿಕೆಯ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಹಾಗಾಗಿ ಗುರುತೊಂದರ ಮುನ್ಸೂಚನಾ ಮೌಲ್ಯವನ್ನು ರೋಗಿಗೆ ನಿಜಕ್ಕೂ ದಕ್ಕುವ ಚಿಕಿತ್ಸೆಯಿಂದ ಬೇರ್ಪಡಿಸಿ ಹೇಳಲಾಗದು. ಚಿಕಿತ್ಸೆ ದಕ್ಕಬೇಕಾದರೆ ಮೊದಲು ವರದಿ ಸರಿಯಿರಬೇಕು.

ಬಣ್ಣ ಹಚ್ಚಿದ ಅಂಗಾಂಶದಲ್ಲಿ ಸೂಕ್ಷ್ಮದರ್ಶಕದಡಿ ಹರ್-2 ಪ್ರೋಟೀನು ಕಾಣಿಸುವುದು ಕೋಶಪೊರೆಯ ಸುತ್ತ ಕಂದು ಉಂಗುರವಾಗಿ. ಶೇ. 10ಕ್ಕಿಂತ ಹೆಚ್ಚು ಗೆಡ್ಡೆಕೋಶಗಳಲ್ಲಿ ಆ ಉಂಗುರ ಗಾಢವಾಗಿ, ಪೂರ್ಣವಾಗಿ ಕೂಡಿಕೊಂಡಿದ್ದರೆ ಅಂಕ 3+. ಉಂಗುರ ಪೂರ್ಣವಿದ್ದೂ ಬಣ್ಣ ಮಾಸಲಾಗಿದ್ದರೆ 2+. ಆಗ ಜೀನಿನ ಪ್ರತಿಗಳನ್ನೇ ಎಣಿಸುವ ಫಿಶ್ ಪರೀಕ್ಷೆ ಬೇಕು.

ಇನ್ನೊಂದು ಪ್ರೋಟೀನ್ ಗುರುತಾದ ಈಸ್ಟ್ರೋಜನ್ ಗ್ರಾಹಕದ ವಿಷಯ ಇನ್ನೂ ನಾಜೂಕು. ಶೇ. 1ರಷ್ಟು ಗೆಡ್ಡೆಕೋಶಗಳ ಕೇಂದ್ರಕ ಬಣ್ಣ ಹಿಡಿದರೂ ಫಲಿತಾಂಶ ಪಾಸಿಟಿವ್. ಆದರೆ ತುಂಡು ಒಂದು ತಾಸಿನೊಳಗೆ ಫಾರ್ಮಲಿನ್ ಸೇರಬೇಕು, ಅದರಲ್ಲಿ 6ರಿಂದ 72 ತಾಸು ಇರಬೇಕು. ಊರಿನ ಆಸ್ಪತ್ರೆಯಲ್ಲಿ ತೆಗೆದ ಗೆಡ್ಡೆ ದೂರದ ಪ್ರಯೋಗಾಲಯ ಮುಟ್ಟುವ ಹೊತ್ತಿಗೆ ಈ ನಿಯಮ ಮುರಿದಿರಬಹುದು. ಇಡಿಯಾಗಿ ಡಬ್ಬಿಗೆ ಹಾಕಿದ ದೊಡ್ಡ ಗೆಡ್ಡೆಯ ಒಳಭಾಗಕ್ಕೆ ಫಾರ್ಮಲಿನ್ ಇಳಿಯುವುದೇ ನಿಧಾನ. ಪ್ರೋಟೀನು ಹಾಳಾಗಿ ವರದಿ ನೆಗೆಟಿವ್ ಬಂದರೆ ಆ ಹೆಂಗಸಿಗೆ ಈ ಗ್ರಾಹಕವನ್ನು ತಡೆಯುವ ಟಮಾಕ್ಸಿಫೆನ್‌ನಂಥ ಅಗ್ಗದ, ಪರಿಣಾಮಕಾರಿ ಮಾತ್ರೆ ತಪ್ಪುತ್ತದೆ.

ಭಾರತದ ಅಧ್ಯಯನಗಳಲ್ಲಿ ಟ್ರಿಪಲ್ ನೆಗೆಟಿವ್ (ಈಸ್ಟ್ರೋಜನ್ ಗ್ರಾಹಕ, ಪ್ರೊಜೆಸ್ಟರಾನ್ ಗ್ರಾಹಕ, ಹರ್-2 ಮೂರಕ್ಕೂ ನೆಗೆಟಿವ್ ಆದ) ಗೆಡ್ಡೆಗಳ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು ಕಾಣುತ್ತ ಬಂದಿದೆ. ಚಿಕ್ಕ ವಯಸ್ಸಿಗೇ ರೋಗ ಬರುವುದು ಇದಕ್ಕೊಂದು ಕಾರಣವೆನ್ನುತ್ತಾರೆ. ಅಂಗಾಂಶವನ್ನು ಕಾಪಿಟ್ಟ ರೀತಿಯನ್ನು ದಾಖಲಿಸದ ಅಧ್ಯಯನಗಳಿಂದ ಜೈವಿಕ ವ್ಯತ್ಯಾಸ ಎಷ್ಟು, ಪರೀಕ್ಷೆಯ ದೋಷವೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಸಂಶೋಧಕರು ಮೊದಲು ನೋಡಬೇಕಾದದ್ದು ಗೆಡ್ಡೆಯ ಪಕ್ಕದ ಆರೋಗ್ಯವಂತ ಹಾಲುನಾಳಗಳನ್ನು. ಅಲ್ಲಿನ ಕೆಲವು ಕೋಶಗಳಾದರೂ ಈಸ್ಟ್ರೋಜನ್ ಗ್ರಾಹಕದ ಬಣ್ಣ ಹಿಡಿಯಲೇಬೇಕು. ಅವೂ ಬಣ್ಣ ಹಿಡಿಯದಿದ್ದರೆ ಆ ಸ್ಲೈಡನ್ನು ನೆಗೆಟಿವ್ ಎಂದು ಲೆಕ್ಕಕ್ಕೆ ಸೇರಿಸದೆ, ಅದೇ ಗೆಡ್ಡೆಯ ಬೇರೆ ಮೇಣದ ಬ್ಲಾಕಿನಿಂದ ಪರೀಕ್ಷೆಯನ್ನು ಮತ್ತೆ ಮಾಡಬೇಕು.